ಆಳಿಲ್ಲದ ತೆಪ್ಪದ ದೀಪ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಲಾಟೀನಿನ ಗಾಜು ಒಂದು ಕಡೆ ಸೀಳಿತ್ತು ಎಂದು ನನ್ನ ನೆನಪು. ಅದು ಹೊಸ ಲಾಟೀನು, ಚಳ್ಳಕೆರೆಯಿಂದ ತಾನೇ ಕೊಂಡೊಯ್ದು ಕೊಟ್ಟದ್ದು ಎಂದು ಅವ್ವ ಹೇಳುತ್ತಾಳೆ. ಕೆರೆ ಕೋಡಿ ಬಿದ್ದದ್ದು ಯಾವ ವರ್ಷ ಎಂಬುದರಲ್ಲೂ ಮನೆಯಲ್ಲಿ ಒಮ್ಮತವಿಲ್ಲ. ತೊಂಬತ್ತರ ದಶಕದ ಕೊನೆ ಎನ್ನುವುದಷ್ಟೇ ಖಚಿತ, ಏಕೆಂದರೆ ಆಗ ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೆ. ಡೈರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಆ ವಾರದ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಸಮಯವಿಲ್ಲದೆ ಬಿಟ್ಟೆನೋ, ಬೇಕೆಂದೇ ಬಿಟ್ಟೆನೋ, ಈಗ ಹೇಳಲಾರೆ.

ನನ್ನ ಸೋದರಮಾವನ ಊರು ಮೊಳಕಾಲ್ಮೂರಿನ ಕಡೆ, ಅಲ್ಲಿನ ಸಿದ್ದಾಪುರದಿಂದ ಹೆಚ್ಚು ದೂರವಿಲ್ಲ. ಬಂಡೆಗಳ ನಡುವೆ ಒಂದು ದೊಡ್ಡ ಕೆರೆ. ನಾನು ಸಣ್ಣವಳಿದ್ದಾಗ ಅದರ ಅಂಗಳದಲ್ಲಿ ಕುರಿ ಮೇಯುತ್ತಿದ್ದವು, ನಾವು ಮಕ್ಕಳು ಅಡ್ಡಹಾದಿ ಹಿಡಿದು ಅದರ ನಡುವೆಯೇ ನಡೆದು ಹೋಗುತ್ತಿದ್ದೆವು. ಆ ವರ್ಷ ಅದು ತುಂಬಿತು. ಊರಿನವರು ಏರಿಯ ಮೇಲೆ ನಿಂತು ನೋಡಿದರು, ಗಂಗಮ್ಮನಿಗೆ ಬಾಗಿನ ಬಿಟ್ಟರು, ಆಮೇಲೆ ಅಷ್ಟು ನೀರನ್ನು ಏನು ಮಾಡಬೇಕೆಂದು ಯೋಚಿಸತೊಡಗಿದರು.

ಮಾವನ ಹೊಲ ಕೆರೆಯ ಪಕ್ಕದ ಎತ್ತರದಲ್ಲಿತ್ತು. ತೂಬಿನ ನೀರು ಅಲ್ಲಿಗೆ ಹತ್ತುತ್ತಿರಲಿಲ್ಲ. ಅವನು ಖಾಲಿ ಡ್ರಮ್ಮುಗಳನ್ನು ಕಬ್ಬಿಣದ ಪಟ್ಟಿಯ ಚೌಕಟ್ಟಿಗೆ ಬಿಗಿಸಿ, ಮೇಲೆ ಹಲಗೆ ಹಾಸಿ, ನೀರೆತ್ತುವ ಡೀಸೆಲ್ ಇಂಜಿನ್ ಕೂರಿಸಿ ಒಂದು ತೆಪ್ಪ ಮಾಡಿದ. ಕೆರೆಯ ಒಳಗೆ ನೀರಿನಿಂದ ತಲೆ ಎತ್ತಿ ನಿಂತ ಒಂದು ಬಂಡೆಗೆ ಬಾವಿಯ ರಾಟೆ ಕಟ್ಟಿ, ದಡದಿಂದ ಅದರವರೆಗೆ ಹೋಗಿ ಬರುವಂತೆ ಹಗ್ಗ ಹಾಕಿದ್ದ. ಒಂದು ಎಳೆ ಜಗ್ಗಿದರೆ ತೆಪ್ಪ ನಡುನೀರಿಗೆ ಹೋಗುತ್ತಿತ್ತು, ಇನ್ನೊಂದು ಎಳೆ ಜಗ್ಗಿದರೆ ದಡಕ್ಕೆ ಬರುತ್ತಿತ್ತು. ಹೆಂಗಸರೂ ಜಗ್ಗಬಹುದಾದಷ್ಟು ಹಗುರ. ಬಾವಿಯನ್ನು ಅಡ್ಡ ಮಲಗಿಸಿದ್ದೀನಿ ಎಂದು ಮಾವ ನೋಡಬಂದವರಿಗೆಲ್ಲ ಹೇಳುತ್ತಿದ್ದ.

ಹಗಲು ಇಂಜಿನ್ ಓಡುತ್ತಿತ್ತು. ಸಂಜೆ ಅದನ್ನು ನಿಲ್ಲಿಸಿ, ಡೀಸೆಲ್ ತುಂಬಿ, ತೆಪ್ಪವನ್ನು ಮತ್ತೆ ನಡುನೀರಿಗೆ ಕಳಿಸುತ್ತಿದ್ದರು. ದಡದಲ್ಲಿ ಬಿಟ್ಟರೆ ಬೆಳಗ್ಗೆ ಟ್ಯಾಂಕಿನಲ್ಲಿ ಡೀಸೆಲ್ ಇರುವುದಿಲ್ಲ ಎಂಬುದು ಮಾವನ ಅನುಭವ. ಹೀಗೆ ರಾತ್ರಿಯೆಲ್ಲ ಆ ಕಪ್ಪು ತೆಪ್ಪ ಯಾರೂ ಇಲ್ಲದೆ ನೀರಿನ ನಡುವೆ ನಿಂತಿರುತ್ತಿತ್ತು.

ಅದಕ್ಕೆ ದೀಪ ಬೇಕು ಎಂದು ಮೊದಲು ಹೇಳಿದವನು ಚಿಕ್ಕಮಾವ, ಅಂದರೆ ಮಾವನ ತಮ್ಮ. ಅವನಿಗೆ ಕರಾವಳಿಯ ಒಂದು ಬಂದರಿನಲ್ಲಿ ಕೆಲಸ. ಅದಿರು ತುಂಬುವ ಬಾರ್ಜುಗಳನ್ನು, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಗಳನ್ನು, ಕಟ್ಟುವುದು, ಬಿಚ್ಚುವುದು, ಅವುಗಳ ದೀಪ ನೋಡಿಕೊಳ್ಳುವುದು. ದೀಪಾವಳಿಗೆ ಬಂದವನು ಏರಿಯ ಮೇಲೆ ನಿಂತು ಅಣ್ಣನ ತೆಪ್ಪವನ್ನು ಮೆಚ್ಚಲಿಲ್ಲ, ನಗಲೂ ಇಲ್ಲ.

"ಅಣ್ಣಾ, ಇದಕ್ಕೆ ದೀಪ ಎಲ್ಲೈತೆ?"

"ಯಾಕೆ, ಓದ್ಕೊಂಡು ಕುಂತ್ಕಂತದಾ ರಾತ್ರಿ?"

"ತಮಾಷೆ ಅಲ್ಲ. ನಮ್ಮ ಕಡೆ ಲಂಗರು ಹಾಕಿದ ಬಾರ್ಜಿಗೆ ಸುತ್ತಲೂ ಕಾಣೋ ಬಿಳಿ ದೀಪ ಇರ್ಲೇಬೇಕು. ಉದ್ದ ಇದ್ರೆ ಎರಡು ತುದೀಗೂ. ಎಳ್ಕೊಂಡು ಹೋಗೋವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಹೊತ್ತು ಮುಳುಗಿದಾಗ ಹಚ್ಚಿದ್ದು ಹೊತ್ತು ಹುಟ್ಟೋತನಕ ಆರಂಗಿಲ್ಲ."

"ಲೇ, ಇಲ್ಲಿ ಯಾವ ಹಡಗು ಬರ್ತೈತೋ? ಪರಶುರಾಂಪುರದಿಂದ ಬರ್ತೈತಾ?"

"ಮೀನು ಹಿಡಿಯೋರ ಹರಿಗೋಲು ಬರ್ತಾವಲ್ಲ. ಆಳಿದ್ರೆ ಕೂಗಿ ಹೇಳ್ತಾನೆ, ಈ ಕಡೆ ಬರ್ಬೇಡ್ರಪ್ಪ ಅಂತ. ಆಳಿಲ್ಲದ್ದು ಹೆಂಗ್ ಹೇಳ್ಬೇಕು?"

ಮಾವನಿಗೆ ಒಂದು ಉತ್ತರ ಸಿದ್ಧವಿತ್ತು. "ದೀಪ ಇಟ್ರೆ ಡೀಸೆಲ್ ಕಳ್ಳರಿಗೆ ದಾರಿ ತೋರಿಸ್ದಂಗೆ ಆಗ್ತೈತೆ. ಕತ್ಲಾಗೇ ಇರ್ಲಿ ಬಿಡು."

ಚಿಕ್ಕಮಾವ ರಜೆ ಮುಗಿಸಿ ಹೊರಡುವ ಮುಂಚೆ ಇಂಜಿನ್ನಿಗಿಂತ ಎತ್ತರದ ಒಂದು ಕಬ್ಬಿಣದ ಕೊಳವೆಯನ್ನು ತೆಪ್ಪದ ಮೇಲೆ ನಿಲ್ಲಿಸಿ, ತುದಿಗೆ ಕೊಕ್ಕೆ ಹಾಕಿಸಿದ. ದೀಪ ಕೆಳಗಿದ್ದರೆ ಇಂಜಿನ್ ಅದಕ್ಕೆ ಒಂದು ದಿಕ್ಕಿನಲ್ಲಿ ಅಡ್ಡ ಬರುತ್ತದೆ, ಆ ದಿಕ್ಕಿನಿಂದ ಬರುವವನ ಪಾಲಿಗೆ ದೀಪ ಇದ್ದೂ ಇಲ್ಲದಂತೆ ಎಂದ. ಕೊಳವೆ ನಿಂತಿತು. ದೀಪ ಬರಲಿಲ್ಲ. ಅತ್ತೆ ಎರಡು ಸಲ ನೆನಪಿಸಿದಳು, ಮಾವ ಎರಡು ಸಲವೂ ಹೂಂಗುಟ್ಟಿದ.

ಆಗ ಉಪಾಯ ಹೇಳಿದವಳು ರಜೆಗೆ ಅಲ್ಲಿದ್ದ ನಾನು. ಇದರಲ್ಲಿ ನನಗೆ ಅನುಮಾನವಿಲ್ಲ. ಬೇರೆ ಯಾರೂ ಇದನ್ನು ತಮ್ಮದೆಂದು ಹೇಳಿಕೊಂಡಿಲ್ಲ. ಅಡುಗೆಮನೆಯಲ್ಲಿ ಅತ್ತೆ ಮುದ್ದೆ ತಿರುವುತ್ತಿದ್ದಳು.

"ಅತ್ತೆ, ಅದನ್ನ ಗಂಗಮ್ಮನ ದೀಪ ಅಂತ ಮಾಡಿಬಿಡು. ಕೆರೆ ತುಂಬಿದಾಗ ಹರಕೆ ಹೊತ್ತಿದ್ದೆ ಅನ್ನು. ಮಾವ ಬ್ಯಾಡ ಅನ್ನಲ್ಲ."

ಅತ್ತೆ ಕೋಲು ನಿಲ್ಲಿಸಿ ನನ್ನ ಮುಖ ನೋಡಿದಳು. "ಹೊರದೇ ಇರೋ ಹರಕೆನ ಹೊತ್ತಿದ್ದೆ ಅನ್ಲೇನೇ?"

"ಹಂಗಾರೆ ಈಗ ಹೊತ್ಕೋ."

ಅವಳು ನಕ್ಕಳು. ಆದರೆ ಅತ್ತೆ ಸುಳ್ಳು ಹೇಳುವವಳಲ್ಲ. ಆ ಸಂಜೆಯೇ ಕೆರೆಗೆ ಹೋಗಿ, ನೀರು ಮುಟ್ಟಿ, ನಿಜವಾಗಿಯೂ ಹರಕೆ ಹೊತ್ತು ಬಂದಳು. ಮರುದಿನದಿಂದ ಹೊತ್ತು ಮುಳುಗುವ ಮುಂಚೆ ಕಾಲು ತೊಳೆದು, ಲಾಟೀನಿನ ತಗಡಿಗೆ ವಿಭೂತಿ, ಕುಂಕುಮ ಇಟ್ಟು, ಬತ್ತಿ ಹಚ್ಚಿ, ತೆಪ್ಪವನ್ನು ದಡಕ್ಕೆ ಜಗ್ಗಿಕೊಂಡು ಕೊಕ್ಕೆಗೆ ನೇತುಹಾಕಿ, ಕೈ ಮುಗಿದು ಹಗ್ಗ ಜಗ್ಗಿ ಕಳಿಸುತ್ತಿದ್ದಳು. ಮಾವ ಬೇಡ ಎನ್ನಲಿಲ್ಲ. ದೇವರ ದೀಪವಿರುವ ತೆಪ್ಪದಿಂದ ಡೀಸೆಲ್ ಕದಿಯಲು ಕಳ್ಳರೂ ಹೆದರುತ್ತಾರೆಂದು ಆಮೇಲೆ ಅವನೇ ಹೇಳಿಕೊಂಡು ತಿರುಗಿದ.

ನನಗೆ ಹೆಮ್ಮೆಯಾಗಿತ್ತು. ವಿಶ್ವವಿದ್ಯಾಲಯಕ್ಕೆ ಮರಳಿದ ಮೇಲೆ ತರಗತಿಯ ವಿಚಾರಗೋಷ್ಠಿಯಲ್ಲಿ ಇದನ್ನೇ ಪ್ರಬಂಧ ಮಾಡಿ ಓದಿದೆ. ಬಂದರಿನ ಸುರಕ್ಷತಾ ನಿಯಮ ಬಯಲುಸೀಮೆಯ ಹಳ್ಳಿಯಲ್ಲಿ ಹೇಗೆ ಆಚರಣೆಯ ರೂಪ ತಾಳಿ ಬೇರೂರಿತು ಎಂಬ ಧಾಟಿಯಲ್ಲಿ. ಮೇಷ್ಟರು ತಲೆದೂಗಿದರು. ಗೆಳತಿಯರು ಚಪ್ಪಾಳೆ ತಟ್ಟಿದರು. ನಾಚಿಕೆಯ ಸಂಗತಿಯೆಂದರೆ, ಆಮೇಲೆ ನಡೆದದ್ದೆಲ್ಲ ನಡೆದ ನಂತರವೂ ಇನ್ನೊಂದು ಕಡೆ ಅದೇ ಪ್ರಬಂಧವನ್ನು ಓದಿದ್ದೇನೆ. ಅಷ್ಟರವರೆಗಿನದನ್ನು ಮಾತ್ರ.

ಆ ದೀಪವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ಮೀನು ಹಿಡಿಯುವ ಗಂಡಹೆಂಡತಿ. ಆಂಧ್ರದ ಗಡಿಯಾಚೆಯಿಂದ ಬಂದು ಏರಿಯ ಕೊನೆಯಲ್ಲಿ ಗುಡಿಸಲು ಹಾಕಿದ್ದರು. ಸಂಜೆ ಕತ್ತಲಾಗುತ್ತಿದ್ದಂತೆ ಹರಿಗೋಲಿನಲ್ಲಿ ಹೋಗಿ ಬಲೆ ಬಿಟ್ಟು, ಬೆಳಗ್ಗೆ ಎತ್ತುತ್ತಿದ್ದರು. ಗಂಡ ಹುಟ್ಟು ಹಾಕುವವನು, ಹೆಂಡತಿ ಬಲೆ ಬಿಡುವವಳು. ಮೊದಮೊದಲು ಅವರು ತೆಪ್ಪದ ಭಯಕ್ಕೆ ದಡದ ಉದ್ದಕ್ಕೂ ಸುತ್ತಿ ಹೋಗುತ್ತಿದ್ದರಂತೆ. ದೀಪ ಬಂದ ಮೇಲೆ ಅದನ್ನು ಬಲಗಡೆಗೆ ಇಟ್ಟುಕೊಂಡು ನೆಟ್ಟಗೆ ಹೋಗತೊಡಗಿದರು. ಒಮ್ಮೆ ರಜೆಯಲ್ಲಿ ಹೋದಾಗ ಆಕೆ ಏರಿಯ ಮೇಲೆ ಬಲೆ ಹರಡಿಕೊಂಡು ಕೂತು, ಅದರ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದಳು. ಬೆರಳುಗಳು ನೋಡುವುದಕ್ಕೂ ಆಗದಷ್ಟು ಬೇಗ ಓಡುತ್ತಿದ್ದವು. ಅತ್ತೆಯನ್ನು ಕಂಡು, "ಮೀ ದೀಪಂ ಮಂಚಿದಮ್ಮಾ" ಎಂದಳು. ನಿಮ್ಮ ದೀಪ ಒಳ್ಳೆಯದು ಎಂದು. ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ, ಆ ದಿನ ಹೂವನ್ನೂ ಏರಿಸಿ ಕಳಿಸಿದಳು.

ಸೂತಕ ಬಂದದ್ದು ಚಳಿಗಾಲದಲ್ಲಿ. ಮಾವನ ದಾಯಾದಿಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಸುದ್ದಿ ತಿಳಿದು ಅವ್ವ, ನಾನು ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋದೆವು. ಮದುವೆಯಾಗಿ ಹೋದ ಹೆಣ್ಣುಮಗಳಾದ್ದರಿಂದ ಅವ್ವನಿಗೆ ಮೂರೇ ದಿನ. ಅದು ಮುಗಿದ ಮೇಲೆ ಅಪ್ಪನ ಅಂಗಡಿ ಇದೆಯೆಂದು ಅವಳು ಹೊರಟಳು. ನನಗೆ ಸೂತಕವೇ ಇಲ್ಲ, ನಾನು ಅಪ್ಪನ ಮನೆತನದವಳು. ಹಾಗಾಗಿ ಕೈಗೊಬ್ಬಳು ಇರಲಿ ಎಂದು ನನ್ನನ್ನು ಉಳಿಸಿಕೊಂಡರು.

ಆ ಮನೆಯಲ್ಲಿ ಸೂತಕವೆಂದರೆ ದೇವರ ಮನೆಯ ಬಾಗಿಲು ಮುಚ್ಚಿರುತ್ತದೆ. ಮನೆಯವರು ದೇವರ ದೀಪ ಹಚ್ಚುವುದಿಲ್ಲ, ಹೊಲದ ಕೆಲಸಕ್ಕೆ ಹೋಗುವುದಿಲ್ಲ. ಇಂಜಿನ್ ನಿಂತಿತು. ತೆಪ್ಪವನ್ನು ಎಂದಿನಂತೆ ನಡುನೀರಿಗೆ ಕಳಿಸಿ ಬಿಟ್ಟಿದ್ದರು. ಅದರ ಮೇಲಿನದು ಈಗ ಗಂಗಮ್ಮನ ದೀಪ. ಸೂತಕದ ಮೊದಲ ಸಂಜೆಯೇ ಅದನ್ನೂ ಹಚ್ಚಲಿಲ್ಲ. ಅದರ ಬಗ್ಗೆ ಯಾರಾದರೂ ಯೋಚಿಸಿದರೇ, ಮಾತಾಡಿದರೇ? ಇಲ್ಲಿಗೆ ಬಂದಾಗ ನನ್ನ ನೆನಪು ನನಗೇ ಅಡ್ಡ ಬರುತ್ತದೆ.

ಒಂದು ಚಿತ್ರ ಮಾತ್ರ ಇದೆ. ನಾನು ಜಗಲಿಯ ಮೇಲೆ ಕಂಬಕ್ಕೆ ಒರಗಿ ಪರೀಕ್ಷೆಗೆ ಓದುತ್ತಿದ್ದೇನೆ. ಬಿಸಿಲು ಇಳಿದಿದೆ. ಅತ್ತೆ ಹಿತ್ತಲಿನಿಂದ ಬಂದು ನನ್ನ ಎದುರು ನಿಂತಿದ್ದಾಳೆ. ಪಾತ್ರೆ ತೊಳೆದ ಕೈಯಿಂದ ನೀರು ತೊಟ್ಟಿಕ್ಕುತ್ತಿದೆ, ಆ ಕೈಯಲ್ಲಿ ಲಾಟೀನು. ಅವಳು ಏನೋ ಹೇಳುತ್ತಾಳೆ. ನಾನು ಪುಸ್ತಕದಿಂದ ಕಣ್ಣು ತೆಗೆಯದೆ "ಹೂಂ" ಅನ್ನುತ್ತೇನೆ.

ಇದು ಆ ದಿನದ್ದೇ? ಅಥವಾ ಕರೆಂಟು ಹೋದ ಬೇರೆ ಯಾವುದೋ ಸಂಜೆಯದ್ದೇ? ಆ ಊರಿನಲ್ಲಿ ಕರೆಂಟು ಹೋಗದ ಸಂಜೆಗಳೇ ಕಡಿಮೆ, ಲಾಟೀನು ಕೈಗೆತ್ತಿಕೊಳ್ಳದ ದಿನಗಳೇ ಕಡಿಮೆ. ಅತ್ತೆ ಹೇಳಿದ್ದೇನೆಂದು ನೆನಪಿಸಿಕೊಳ್ಳಲು ಕೂತರೆ ಒಂದು ವಾಕ್ಯ ತಾನಾಗಿ ಬಂದು ಅವಳ ಬಾಯಲ್ಲಿ ಕೂರುತ್ತದೆ. ಅದು ಕೇಳಿದ ವಾಕ್ಯವೋ, ನಾನು ಆಮೇಲೆ ತಂದಿಟ್ಟದ್ದೋ ತಿಳಿಯುವುದಿಲ್ಲ.

ಆ ಸಂಜೆ ಕತ್ತಲಾದ ಸ್ವಲ್ಪ ಹೊತ್ತಿಗೆ ಕೆರೆಯ ಕಡೆಯಿಂದ ಕೂಗು ಕೇಳಿಸಿತು. ಮಾವ ಟಾರ್ಚು ಹಿಡಿದು ಓಡಿದ, ಹಿಂದೆ ಓಣಿಯವರು, ಅವರ ಹಿಂದೆ ನಾನು. ಹರಿಗೋಲು ತೆಪ್ಪಕ್ಕೆ ಬಡಿದಿತ್ತು. ಮೀನು ಹಿಡಿಯುವಾಕೆ ಅಂಚಿನ ಮೇಲೆ ಕೈಯಿಟ್ಟು ಬಲೆ ಬಿಡುತ್ತಾ ಬಗ್ಗಿದ್ದಳು. ಹರಿಗೋಲಿನ ಅಂಚಿಗೂ ತೆಪ್ಪದ ಕಬ್ಬಿಣದ ಪಟ್ಟಿಗೂ ನಡುವೆ ಬಲಗೈ ಸಿಕ್ಕಿ ಜಜ್ಜಿಹೋಗಿತ್ತು. ಗಂಡ ಒಬ್ಬನೇ ಹುಟ್ಟು ಹಾಕಿಕೊಂಡು ಅವಳನ್ನು ದಡಕ್ಕೆ ತಂದಿದ್ದ. ಅವನು ಯಾರನ್ನೂ ಬಯ್ಯಲಿಲ್ಲ. ಮಾವನ ಮುಂದೆ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

"ದೀಪ ಇಲ್ದೇ ಇದ್ದಿದ್ದಕ್ಕೆ ತೆಪ್ಪ ತೆಗೆದ್ರು ಅನ್ಕೊಂಡ್ವಿ ಸಾಮಿ. ದಿನಾ ಇರೋದಲ್ವಾ. ಇವತ್ತು ದೀಪ ಲೇದು ಅಂದ್ರೆ ತೆಪ್ಪಾನೂ ಇಲ್ಲ ಅನ್ಕೊಂಡ್ವಿ."

ನಾನು ಇದನ್ನು ಎಷ್ಟು ಸಲ ಯೋಚಿಸಿದ್ದೇನೋ. ದೀಪ ಮೊದಲಿನಿಂದಲೂ ಇಲ್ಲದಿದ್ದರೆ ಅವರು ದಡ ಹಿಡಿದೇ ಸುತ್ತಿ ಹೋಗುತ್ತಿದ್ದರು. ಹಚ್ಚಿ ಹಚ್ಚಿ, ಅದನ್ನು ನಂಬುವುದನ್ನು ಅವರಿಗೆ ಕಲಿಸಿ, ಒಂದು ದಿನ ಆರಿಸಿದ್ದರಿಂದ ನೆಟ್ಟಗೆ ಬಂದು ಬಡಿದರು. ಹೊತ್ತು ಮುಳುಗಿದಾಗಿನಿಂದ ಹೊತ್ತು ಹುಟ್ಟುವತನಕ ಎಂದು ಚಿಕ್ಕಮಾವ ಹೇಳಿದಾಗ ನನ್ನ ಕಿವಿಗೆ ಬಿದ್ದದ್ದು ದೀಪ ಎಂಬ ಮಾತು ಮಾತ್ರ. ದಿನ ತಪ್ಪದೆ ಎನ್ನುವುದೇ ಆ ನಿಯಮದ ತಿರುಳು ಎಂದು ನನಗೆ ಹೊಳೆದಿರಲಿಲ್ಲ. ದೇವರಿಗೆ ಬಿಡುವು ಕೊಡುವ ದಿನಗಳು ನಮ್ಮಲ್ಲಿವೆ. ಆ ದೀಪಕ್ಕೆ ಬಿಡುವು ಇರಬಾರದಿತ್ತು.

ಮಾವ ಟ್ರ್ಯಾಕ್ಟರ್ ತೆಗೆದ. ಟ್ರೇಲರಿನಲ್ಲಿ ಹುಲ್ಲು ಹಾಕಿ ಆಕೆಯನ್ನು ಮಲಗಿಸಿ ಮೊಳಕಾಲ್ಮೂರಿನ ಆಸ್ಪತ್ರೆಗೆ ಹೊರಟೆವು. ಗಂಡ ಮಾವನ ಪಕ್ಕ ಮುಂದೆ ಕೂತ. ಹೆಂಗಸೊಬ್ಬಳು ಇರಲಿ ಎಂದು ನಾನು ಹತ್ತಿದೆ. ಸೀರೆಯ ಸೆರಗಿನಲ್ಲಿ ಸುತ್ತಿದ ಅವಳ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಹಳ್ಳ ಬಂದಾಗಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಡಾಂಬರು ರಸ್ತೆಗೆ ಬಂದ ಮೇಲೆ ಕಣ್ಣು ತೆರೆದು ಕೇಳಿದಳು.

"ದೀಪಂ ಎಂದುಕು ಪೆಟ್ಟಲೇದಮ್ಮಾ?"

ದೀಪ ಯಾಕೆ ಇಡಲಿಲ್ಲ? ಸಿಟ್ಟಿನಿಂದ ಕೇಳಿದ್ದಲ್ಲ. ನಿನ್ನೆ ಯಾಕೆ ಬರಲಿಲ್ಲ ಎಂದು ನೆರೆಯವರು ಕೇಳುವ ಹಾಗೆ ಕೇಳಿದಳು.

"ಮನೇಲಿ ಸೂತಕ" ಎಂದೆ.

"ಅವುನಾ" ಎಂದು ತಲೆಯಾಡಿಸಿದಳು. ಹೌದಾ, ಹಾಗಾದರೆ ಸರಿ ಎನ್ನುವಂತೆ. ಅವಳ ಮಟ್ಟಿಗೆ ಅದು ಪೂರ್ತಿ ಉತ್ತರವಾಗಿತ್ತು. ಮತ್ತೆ ಕಣ್ಣು ಮುಚ್ಚಿಕೊಂಡಳು. ಅವಳು ಬೈದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಒಪ್ಪಿಕೊಂಡದ್ದನ್ನು ಮಾತ್ರ ನನ್ನಿಂದ ಇಂದಿಗೂ ತಡೆದುಕೊಳ್ಳಲು ಆಗಿಲ್ಲ. ನನಗೆ ಸೂತಕ ಇರಲಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಚಿಕ್ಕಮಾವ ಬಂದರಿನಿಂದ ಫೋನು ಮಾಡಿದ. ಸುದ್ದಿ ಅವನಿಗೆ ಹೇಗೆ ಮುಟ್ಟಿತೋ. ಮಾವ ರಿಸೀವರನ್ನು ಕಿವಿಯಿಂದ ದೂರ ಹಿಡಿದಿದ್ದ, ತಮ್ಮನ ಕೂಗು ನಡುಮನೆಗೆಲ್ಲ ಕೇಳುತ್ತಿತ್ತು.

"ಸೂತಕ ಅಂತ ದೀಪ ಆರಿಸ್ತಾರೇನಣ್ಣಾ? ಇಲ್ಲಿ ಹಂಗ್ ಮಾಡಿದ್ರೆ ಬಾರ್ಜು ಕಟ್ಟಿದೋನ್ನ ಅವತ್ತೇ ಮನೆಗೆ ಕಳಿಸ್ತಾರೆ. ಅದು ಸಿಗ್ನಲ್ಲು! ಯಾರು ಅದನ್ನ ದೇವ್ರ ದೀಪ ಮಾಡಿದ್ದು?"

ಉಪಾಯ ಯಾರದೆಂದು ಅತ್ತೆಯಿಂದ ತಿಳಿದಿತ್ತೇನೋ, ಮಾವ ನನ್ನನ್ನು ನೋಡಿದ. ಅಕ್ಕನ ಮಗಳು, ಓದುವ ಹುಡುಗಿ, ಇನ್ನೂ ಮದುವೆಯಾಗಬೇಕಾದವಳು. ಆಮೇಲೆ ಮುಖ ತಿರುಗಿಸಿ, "ಇನ್ಯಾರು, ನಿಮ್ಮತ್ತಿಗೆ" ಎಂದ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು. ಒಳಗೆ ಹೋದಳು. ಉಪಾಯ ನನ್ನದೆಂದು ನಾನು ಹೇಳಲಿಲ್ಲ.

ಊರಿನಲ್ಲಿ ಅದೇ ಮಾತು ನಿಂತಿತು. ಅತ್ತೆಯ ಮಡಿಯಿಂದ ಮೀನಿನವಳ ಕೈ ಹೋಯಿತು ಎಂದರು. ನೀರಿಗೆ ಬಂದ ಹೆಂಗಸರು ಅತ್ತೆಯನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರಂತೆ. "ಗಂಗಮ್ಮನ ಪೂಜಾರಮ್ಮ ಬಂದ್ಲು, ದಾರಿ ಬಿಡ್ರೇ" ಎಂದು ಒಬ್ಬಾಕೆ ಕುಟುಕಿದ್ದನ್ನು ನಾನೇ ಕೇಳಿದ್ದೇನೆ. ಆ ವರ್ಷದ ನಂತರ ಅತ್ತೆ ಕೆರೆಯ ಕಡೆ ಹೋಗುವುದನ್ನೇ ಬಿಟ್ಟಳು. ಚಿಕ್ಕಮಾವ ಯುಗಾದಿಗೆ ಬಂದಾಗ ಬ್ಯಾಟರಿ, ಬಲ್ಬು, ನೀರು ಇಳಿಯದ ಗಾಜಿನ ಗೂಡು ತಂದು ತೆಪ್ಪದ ಎರಡು ತುದಿಗೂ ಕೂರಿಸಿದ. ಅವಕ್ಕೆ ಯಾರೂ ಕುಂಕುಮ ಹಚ್ಚದಂತೆ ಸ್ವತಃ ಕಾದು ನಿಂತ. ಕೆರೆಯ ನೀರು ಮುಂದಿನ ಬೇಸಿಗೆಗೆ ತಳ ಕಂಡಿತು. ತೆಪ್ಪ ಮಣ್ಣಿನ ಮೇಲೆ ಕೂತಿತು. ಬಲ್ಬುಗಳನ್ನು ಮಾವ ಬಿಚ್ಚಿ ದನದ ಕೊಟ್ಟಿಗೆಗೆ ಹಾಕಿಕೊಂಡ.

ಮೀನಿನವಳ ಮೂಳೆ ಕೂಡಿತು. ಆದರೆ ಬೆರಳುಗಳು ಪೂರ್ತಿ ಮಡಚಲಿಲ್ಲ. ಅವರು ಊರು ಬಿಡುವ ಮುಂಚೆ ಒಮ್ಮೆ ಅವಳನ್ನು ಏರಿಯ ಮೇಲೆ ಕಂಡೆ. ಬಲೆ ಎದುರಿಗಿತ್ತು. ಗಂಡ ಹೆಣೆಯುತ್ತಿದ್ದ, ಅವಳು ನೂಲು ಹಿಡಿದು ಕೊಡುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ನಾನು ಬಸ್ಸಿಗೆ ಹೊತ್ತಾಯಿತು ಎನ್ನುವ ಹಾಗೆ ಬೇಗ ಬೇಗ ನಡೆದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ನಾನು ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಉಪಾಯ ನನ್ನದೆಂದು ಮಾವನಿಗೂ ಚಿಕ್ಕಮಾವನಿಗೂ ಹೇಳಿ ಆಗಿದೆ. ಇಬ್ಬರೂ ಹಳೆಯ ಮಾತು ಬಿಡು ಎಂದರು. ಆದರೆ ನನ್ನನ್ನು ಕಾಡುವುದು ಆ ಉಪಾಯವಲ್ಲ, ಜಗಲಿಯ ಮೇಲಿನ ಆ "ಹೂಂ". ಅತ್ತೆ ಆ ಸಂಜೆ ನನ್ನನ್ನು ಏನೂ ಕೇಳಿರದಿದ್ದರೆ, ಅದು ಒಂದು ಮನೆ ಕೂಡಿ ಮರೆತ ತಪ್ಪು. ಕೇಳಿದ್ದರೆ, ಸೂತಕದಲ್ಲೂ ದೀಪ ಹಚ್ಚಿಸುವ ದಾರಿ ಗೊತ್ತಿದ್ದವಳು ಅವಳೊಬ್ಬಳೇ. ಆ ದಾರಿಯನ್ನು ನನ್ನ ಕೈಗೆ ಕೊಟ್ಟು, ನಾನು ಕೈಚೆಲ್ಲಿದ್ದನ್ನು ಇಷ್ಟು ವರ್ಷ ತನ್ನ ಹೆಸರಿನಲ್ಲಿ ಹೊತ್ತುಕೊಂಡು ಬಂದಿದ್ದಾಳೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಂಗಳದಲ್ಲಿ ಶೇಂಗಾ ರಾಶಿ. ಅತ್ತೆ ಬೀಜಕ್ಕೆಂದು ಕಾಯಿ ಸುಲಿಯುತ್ತಿದ್ದಳು. ಅವಳ ಸೊಸೆ ಒಳಗಿದ್ದಳು, ಮಾವ ಬಿ.ಜಿ. ಕೆರೆ ಎಂಬ ಊರಿಗೆ ಹೋಗಿದ್ದ. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಅತ್ತೆ ನನ್ನ ಕೈ ನೋಡಿ, "ಅಯ್ಯೋ, ಕಾಳು ಒಡೀತಿದೀಯಲ್ಲೇ ಮೇಡಮ್ಮಾ. ಒಡೆದ್ರೆ ಬೀಜಕ್ಕೆ ಬರಂಗಿಲ್ಲ. ಹಿಂಗೆ, ಮೂತಿ ಒತ್ತಬೇಕು" ಎಂದಳು. ಒತ್ತಿ ತೋರಿಸಿದಳು. ಇಬ್ಬರೂ ನಕ್ಕೆವು. ಆ ನಗು ಮುಗಿಯುವ ಮೊದಲೇ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾರೆ ಅನ್ನಿಸಿತು. ಕೇಳಿದೆ. ಅವಳ ಬೆರಳು ಒಂದು ಕಾಯಿಯ ಮೇಲೆ ನಿಂತಿತು. ಆಮೇಲೆ ಆ ಕಾಯಿಯನ್ನು ಸುಲಿದಳು, ಮುಂದಿನದನ್ನು ಕೈಗೆತ್ತಿಕೊಂಡಳು, ಕೋಳಿಯನ್ನು ಹುಶ್ ಎಂದು ಓಡಿಸಿದಳು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನೀನು ಲಾಟೀನು ತಂದು, ನಿನಗೆ ಸೂತಕ ಇಲ್ಲ, ನೀನಾದ್ರೂ ಹಚ್ಚಿ ಕಳ್ಸು ಅಂತ ನನಗೆ ಹೇಳಿದ್ಯಾ?"